ಕಾಳ್ಗಿಚ್ಚಿನ ಸಭೆ ಕಾರ್ತೀಕದಲ್ಲೇ ಸೇರಲಿ

2019ರ ಫೆಬ್ರುವರಿ ಕೊನೆಯ ವಾರದಲ್ಲಿ ಬಂಡೀಪುರದ ಕಾಡಿನ ಮೇಲೆ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿದದ್ದು ಟಿವಿ ನೋಡಿದ ಎಲ್ಲರಿಗೂ ನೆನಪಿದೆ. ಗೋಪಾಲಸ್ವಾಮಿ ಬೆಟ್ಟದ ಸುತ್ತ ಹಬ್ಬಿದ ಬೆಂಕಿ 10 ಸಾವಿರ ಎಕರೆಗೂ ಮಿಕ್ಕಿ ಕಾಡನ್ನು ಸುಟ್ಟಿತು. ಹೆಲಿಕಾಪ್ಟರ್ ಬರುವ ಮೊದಲೂ, ಬಂದು ಹೋದ ಮೇಲೂ ಬೆಂಕಿಗೆ ಎದುರು ನಿಂತವರು ಇಲಾಖೆಯ ಗಾರ್ಡುಗಳು, ವಾಚರುಗಳು, ದಿನಗೂಲಿಗೆ ಬಂದ ಹಾಡಿಯ ಜನ, ಪೇಟೆಗಳಿಂದ ಓಡಿ ಬಂದ ಸ್ವಯಂಸೇವಕರು. ಬಹುತೇಕರ ಕೈಲಿದ್ದದ್ದು ಹಸಿ ಸೊಪ್ಪಿನ ಕೊಂಬೆ. ಅದಕ್ಕೂ ಎರಡು ವರ್ಷ ಮೊದಲು, 2017ರ ಫೆಬ್ರುವರಿಯಲ್ಲಿ, ಇದೇ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟು ತೀರಿಕೊಂಡಿದ್ದರು.

ಹೆಲಿಕಾಪ್ಟರ್ ತಡವಾಯಿತೇ ಎಂದು ಆಗ ಬಹಳ ಚರ್ಚೆಯಾಯಿತು. ನನಗೆ ಅದಕ್ಕಿಂತ ಮುಖ್ಯ ಎನಿಸುವ ಪ್ರಶ್ನೆ ಬೇರೆ. ಪ್ರತಿ ವರ್ಷ ಡಿಸೆಂಬರ್-ಜನವರಿಯಲ್ಲಿ ಬೆಂಕಿ ರೇಖೆ (ಬೆಂಕಿ ದಾಟದಂತೆ ಕಡಿದು ತೆರವು ಮಾಡುವ ಪಟ್ಟಿ) ಎಲ್ಲಿ ತೆಗೆಯಬೇಕು, ಎಷ್ಟು ಜನ ವಾಚರ್ ಬೇಕು, ಯಾವ ಕೆರೆಯಲ್ಲಿ ನೀರಿದೆ ಎಂದು ಲೆಕ್ಕ ಹಾಕುವಾಗ ಕಾಡಂಚಿನ ಊರಿನವರು ಆ ಮೇಜಿನ ಸುತ್ತ ಇರುತ್ತಾರೆಯೇ? ಹೆಚ್ಚಿನ ಕಡೆ ಇರುವುದಿಲ್ಲ. ಯೋಜನೆ ಎಂಬುದು ಇಲಾಖೆಯೊಳಗಿನ ಕಡತ. ಊರಿನವರಿಗೆ ಬುಲಾವ್ ಬರುವುದು ಹೊಗೆ ಎದ್ದ ಮೇಲೆ.

ಇದು ಇಂದಿನ ಅಧಿಕಾರಿಗಳ ದುರಭ್ಯಾಸವಲ್ಲ, ನಮ್ಮ ಅರಣ್ಯ ಕಾನೂನಿನ ಹುಟ್ಟುಗುಣ. ಬ್ರಿಟಿಷರು ಮಾಡಿದ 1927ರ ಭಾರತೀಯ ಅರಣ್ಯ ಕಾಯಿದೆಯ 79ನೇ ಕಲಂ ತೆಗೆದು ನೋಡಿ. ಕಾಡಿನಲ್ಲಿ ಹಕ್ಕು ಪಡೆದವರು, ಸೌದೆ ತರುವವರು, ದನ ಮೇಯಿಸುವವರು ಬೆಂಕಿಯ ಸುದ್ದಿ ತಿಳಿದ ಕೂಡಲೇ ತಿಳಿಸಬೇಕು, ಆರಿಸಲು ಬರಬೇಕು, ಬಾರದಿದ್ದರೆ ಶಿಕ್ಷೆ. ಕರ್ತವ್ಯ ಪೂರ್ತಿ ಊರಿನವರದು, ತೀರ್ಮಾನ ಪೂರ್ತಿ ಸರ್ಕಾರದ್ದು. ರಾಜ್ಯದಲ್ಲಿ 1993ರಿಂದ ಗ್ರಾಮ ಅರಣ್ಯ ಸಮಿತಿಗಳು ಬಂದವು. ಅವುಗಳಲ್ಲಿ ಕೆಲವು ಚೆನ್ನಾಗಿ ನಡೆದವು, ಬಹಳಷ್ಟು ಬೋರ್ಡು ತುಕ್ಕು ಹಿಡಿಯುವವರೆಗೆ ನಡೆದವು.

ಕಾನೂನು ನಿಜವಾಗಿ ತಿರುಗಿದ್ದು 2006ರ ಅರಣ್ಯ ಹಕ್ಕು ಕಾಯಿದೆಯಿಂದ. ಸಮುದಾಯದ ಕಾಡನ್ನು ಕಾಪಾಡುವ, ನಿರ್ವಹಿಸುವ ಹಕ್ಕನ್ನು ಅದು ಗ್ರಾಮಸಭೆಯ ಕೈಗೆ ಕೊಟ್ಟಿತು. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಅಲ್ಲಿನ ಬುಡಕಟ್ಟಿನವರಾದ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರವೂ ಸಿಕ್ಕಿತು. ಹುಲಿಯೂ ಹಕ್ಕೂ ಒಂದೇ ಕಾಡಿನಲ್ಲಿರಬಹುದು ಎಂದು ಸರ್ಕಾರವೇ ಬರೆದುಕೊಟ್ಟಂತಾಯಿತು.

ಬಿಳಿಗಿರಿಯ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೋಲಿಗರು ಹಿಂದೆಲ್ಲ ಬೇಸಿಗೆ ಬಲಿಯುವ ಮೊದಲೇ ತಾವಾಗಿ ಕಾಡಿಗೆ ಬೆಂಕಿ ಇಡುತ್ತಿದ್ದರು. ಅದಕ್ಕೆ ಅವರ ಹೆಸರು ತರಗು ಬೆಂಕಿ. ನೆಲದ ಮೇಲಿನ ಒಣ ಎಲೆ, ಹುಲ್ಲು ಮಾತ್ರ ಸುಡುವ, ಮರದ ತೊಗಟೆ ದಾಟಿ ಒಳಗೆ ಹೋಗದ ತಣ್ಣನೆಯ ಬೆಂಕಿ ಅದು. ತೇವ ಪೂರ್ತಿ ಆರಿರದ ಕಾಲದಲ್ಲಿ ಇಟ್ಟ ಬೆಂಕಿ ತಾನೇ ಸೋತು ನಿಲ್ಲುತ್ತದೆ. ಒಂದು ಕಡೆ ಸುಟ್ಟ ನೆಲ, ಇನ್ನೊಂದು ಕಡೆ ಸುಡದ ನೆಲ ಹೀಗೆ ಚಾಪೆಯ ಹೆಣಿಗೆಯಂತೆ ಕಾಡು ತುಂಡುತುಂಡಾಗಿರುತ್ತಿದ್ದರಿಂದ ಮಾರ್ಚ್‌ನಲ್ಲಿ ಯಾರೋ ಎಸೆದ ಬೀಡಿಯ ಕಿಡಿ ಬಹಳ ದೂರ ಓಡುತ್ತಿರಲಿಲ್ಲ. 1974ರಲ್ಲಿ ವನ್ಯಜೀವಿಧಾಮವಾದ ಮೇಲೆ ಈ ಬೆಂಕಿ ಅಪರಾಧವಾಯಿತು.

ಮುಂದೆ ಏನಾಯಿತೆಂದು ಸೋಲಿಗ ಹಿರಿಯರು ಹೇಳುತ್ತಲೇ ಬಂದರು, ವಿಜ್ಞಾನಿಗಳು ನಿಧಾನವಾಗಿ ಅಳೆದು ನೋಡಿದರು. ಲಂಟಾನ ಎಂಬ ಕಳೆಪೊದೆ ಕಾಡಿನ ಅಡಿಯನ್ನೆಲ್ಲ ತುಂಬಿಕೊಂಡಿತು. ನೆಲ್ಲಿಮರಗಳ ಮೇಲೆ ಬೆಳೆಯುವ ಬದನಿಕೆ, ಸೋಲಿಗರ ಮಾತಿನಲ್ಲಿ ಉಪ್ಪಿಲು, ಹೆಚ್ಚಿ ಮರಗಳನ್ನು ಹಿಂಡತೊಡಗಿತು. ತರಗು ಬೆಂಕಿಯ ಬಿಸಿಗೆ ಉಪ್ಪಿಲು ಹಿಡಿತದಲ್ಲಿತ್ತು ಎಂಬುದು ಅವರ ವಾದ. ಈಗ ಬೆಂಕಿ ಬಿದ್ದರೆ ಅದು ತರಗಿನಲ್ಲಿ ನಿಲ್ಲುವುದಿಲ್ಲ. ಆಳೆತ್ತರದ ಒಣ ಲಂಟಾನವನ್ನು ಹತ್ತಿ ಮರದ ತಲೆಗೇ ಏರುತ್ತದೆ. ಬಂಡೀಪುರದಲ್ಲಿ 2019ರಲ್ಲಿ ಬೆಂಕಿ ಅಷ್ಟು ಉಗ್ರವಾಗಲು ಬರಗಾಲದ ಜೊತೆಗೆ ಈ ಲಂಟಾನವೂ ಕಾರಣ.

ಹಾಗಾದರೆ ನಾಳೆಯೇ ಸೋಲಿಗರ ಕೈಗೆ ಬೆಂಕಿಪೊಟ್ಟಣ ಕೊಡೋಣವೇ? ಖಂಡಿತ ಬೇಡ, ಅವರೂ ಕೇಳುತ್ತಿಲ್ಲ. ಐದು ದಶಕ ಸುಡದೆ ಲಂಟಾನ ತುಂಬಿಕೊಂಡ ಕಾಡಿಗೆ ಅಜ್ಜನ ಕಾಲದ ಬೆಂಕಿ ಇಟ್ಟರೆ ಅದು ಅಜ್ಜನ ಕಾಲದ ಬೆಂಕಿಯಾಗಿ ಉಳಿಯುವುದಿಲ್ಲ. ಮೊದಲು ಕಡಿಯಬೇಕು, ಆಮೇಲೆ ಸುಡುವ ಮಾತು. ಆದರೆ ಯಾವ ಪೋಡಿನ (ಸೋಲಿಗರ ಊರಿನ) ಪಕ್ಕ, ಯಾವ ಇಳಿಜಾರಿನಲ್ಲಿ, ಯಾವ ವಾರ ಎಂಬ ವಿವರ ಗೊತ್ತಿರುವವರಲ್ಲಿ ಹೆಚ್ಚಿನವರು ಈಗ ಮುದುಕರು. ಅವರನ್ನು ಕೇಳಿ ಬರೆದುಕೊಳ್ಳಲು ಸಮಯ ಬಹಳ ಇಲ್ಲ.

ಜೊತೆಯಾಗಿ ಕೂತು ಯೋಜಿಸುವುದನ್ನು ಕಾನೂನಾಗಿಯೇ ಮಾಡಿದ ದೇಶಗಳಿವೆ. ಅಮೆರಿಕ 2003ರಲ್ಲಿ ಒಂದು ಕಾಯಿದೆ ತಂದು, ಊರೂರಿನ ಕಾಳ್ಗಿಚ್ಚು ರಕ್ಷಣಾ ಯೋಜನೆಗೆ ಸ್ಥಳೀಯ ಆಡಳಿತ, ಸ್ಥಳೀಯ ಅಗ್ನಿಶಾಮಕ ದಳ, ರಾಜ್ಯದ ಅರಣ್ಯ ಇಲಾಖೆ ಮೂವರೂ ಒಪ್ಪಿರಬೇಕು ಎಂದಿತು. ಯಾವ ಪೊದೆ ಮೊದಲು ತೆಗೆಯಬೇಕು, ಮನೆಗಳಿಗೆ ಕಿಡಿ ತಾಗದಂತೆ ಏನು ಮಾಡಬೇಕು ಎಂಬುದೆಲ್ಲ ಆ ಯೋಜನೆಯಲ್ಲಿ ಇರಬೇಕು. ಹೀಗಿದ್ದೂ 2018ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಎಂಬ ಊರು ಕೆಲವೇ ಗಂಟೆಗಳಲ್ಲಿ ಬೂದಿಯಾಯಿತು. ಆ ಬೆಂಕಿಗೆ 85 ಜನ ಸತ್ತರು. ಆ ಊರಿಗೆ ಯೋಜನೆ ಇರಲಿಲ್ಲವೆಂದಲ್ಲ. ಬಡಾವಣೆ ಬಡಾವಣೆಯಾಗಿ ಜನರನ್ನು ಹೊರಗೆ ಕಳಿಸುವ ಲೆಕ್ಕ ಹಾಕಿದ್ದರು. ಇಡೀ ಊರು ಒಟ್ಟಿಗೇ ರಸ್ತೆಗಿಳಿದಾಗ ಆ ಲೆಕ್ಕ ಕುಸಿಯಿತು. ಕಾಗದದ ಮೇಲೆ ನಂಬಿಕೆ ಇಡುವ ನಮ್ಮಂಥವರು ಇದನ್ನು ಮರೆಯಬಾರದು.

ಪೋರ್ಚುಗಲ್ಲಿನದು ಇನ್ನೂ ಕಹಿಯಾದ ಪಾಠ. 2017ರ ಜೂನ್‌ನಲ್ಲಿ ಪೆದ್ರೋಗಾಂವ್ ಗ್ರಾಂದ್ ಸುತ್ತಮುತ್ತ 66 ಜನ ಸತ್ತರು, ಬಹುಪಾಲು ಜನ ಓಡಿಹೋಗುವಾಗ ಒಂದೇ ರಸ್ತೆಯಲ್ಲಿ. ಯುವಕರು ಪಟ್ಟಣಕ್ಕೆ ಹೋಗಿ ಮುದುಕರೇ ಉಳಿದ ಹಳ್ಳಿಗಳು, ಉಳುವವರಿಲ್ಲದ ಹೊಲ, ಸುತ್ತ ನೀಲಗಿರಿ ತೋಪು. ಈ ವರ್ಣನೆ ನಮ್ಮ ಎಷ್ಟೋ ಊರುಗಳಿಗೂ ಒಪ್ಪುತ್ತದೆ. ಮರುವರ್ಷ ಅಲ್ಲಿನ ಸರ್ಕಾರ ಹಳ್ಳಿಯವರಲ್ಲೇ ಒಬ್ಬರನ್ನು ಸುರಕ್ಷಾ ಜವಾಬ್ದಾರರನ್ನಾಗಿ ಆರಿಸಿ, ಎಲ್ಲರೂ ಸೇರಬೇಕಾದ ಜಾಗ ಗುರುತಿಸಿ, ಅಭ್ಯಾಸ ಮಾಡಿಸುವ ಕಾರ್ಯಕ್ರಮ ಆರಂಭಿಸಿತು. ದುಬಾರಿ ಯಂತ್ರವೇನೂ ಬೇಡದ ಕೆಲಸ.

ಅಷ್ಟು ದೂರ ಏಕೆ, ಉತ್ತರಾಖಂಡದ ಅಲ್ಮೋರಾ ಜಿಲ್ಲೆಯ ಶೀತಲಾಖೇತದ ಹಳ್ಳಿಗರು ಹೊಲದ ಬದುವಿನ ಕಸಕಡ್ಡಿ ಸುಡುವುದನ್ನು ಮಾರ್ಚ್ ಮುಗಿಯುವುದರೊಳಗೆ ಮುಗಿಸುವ ಕಟ್ಟುಪಾಡು ಹಾಕಿಕೊಂಡಿದ್ದಾರೆ. ಬೆಟ್ಟದ ಬೆಂಕಿ ಎಷ್ಟೋ ಸಲ ಹೊಲದಿಂದಲೇ ಹೊರಡುತ್ತದೆ ಎಂದು ಅವರಿಗೆ ಗೊತ್ತು. ಇಂಥ ಮುನ್ನೆಚ್ಚರಿಕೆ ಏಕೆ ಬೇಕೆಂದು ಕೇಳುವವರು ನೆನಪಿಡಲಿ: ಅದೇ ಜಿಲ್ಲೆಯ ಬಿನ್ಸರ್‌ನಲ್ಲಿ 2024ರ ಜೂನ್‌ನಲ್ಲಿ ಬೆಂಕಿ ಆರಿಸಲು ಹೋದ ಇಲಾಖೆಯ ತಂಡದ ನಾಲ್ವರು ಸ್ಥಳದಲ್ಲೇ ಸತ್ತರು.

ನಮ್ಮ ಕಾಡಂಚಿನಲ್ಲಿ ಅಮೆರಿಕದಂತೆ ಮರದ ಮನೆಗಳು ಸಾಲುಸಾಲಾಗಿ ಹೊತ್ತಿಕೊಳ್ಳುವುದಿಲ್ಲ. ಇಲ್ಲಿ ಸುಡುವುದು ಹುಲ್ಲಿನ ಮೆದೆ, ಕೊಟ್ಟಿಗೆ, ಹನಿ ನೀರಾವರಿಯ ಪೈಪು. ಇಡೀ ವರ್ಷದ ಮೇವು ಹೋದರೆ ಗುಂಡ್ಲುಪೇಟೆ ಸೀಮೆಯ ಸಣ್ಣ ರೈತ ಹಸು ಮಾರಬೇಕಾಗುತ್ತದೆ. ಹಾಗಾಗಿ ನಮ್ಮ ಯೋಜನೆಯ ಪ್ರಶ್ನೆಗಳು ನಮ್ಮವೇ ಆಗಿರಬೇಕು. ಮೆದೆ ಕಾಡಿನ ಕಡೆಗೋ ಊರಿನ ಕಡೆಗೋ? ಕಬ್ಬಿನ ತರಗು ಸುಡುವ ದಿನವನ್ನು ಯಾರಿಗೆ ತಿಳಿಸಬೇಕು? ಔಷಧಿ ಹೊಡೆಯುವ ಟ್ಯಾಂಕರ್ ಯಾರ ಮನೆಯಲ್ಲಿದೆ, ಅದು ಹೋಗುವ ದಾರಿಯ ಗೇಟಿನ ಬೀಗದ ಕೈ ಯಾರ ಹತ್ತಿರ? ಬೇಸಿಗೆ ವಾಚರ್‌ಗೆ ಕೂಲಿ ತಿಂಗಳು ತಿಂಗಳು ಸಿಗುತ್ತದೆಯೇ, ಬೂಟು ಇದೆಯೇ, ಸುಟ್ಟರೆ ಆಸ್ಪತ್ರೆ ಖರ್ಚು ಯಾರದು? ಉಪಗ್ರಹ ಕಂಡ ಬೆಂಕಿಯ ಸೂಚನೆಯನ್ನು ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಮೊಬೈಲಿಗೇ ಕಳಿಸುತ್ತದೆ, ಸಾರ್ವಜನಿಕರೂ ನೋಂದಾಯಿಸಿಕೊಳ್ಳಬಹುದು. ಪಂಚಾಯ್ತಿಯಲ್ಲಿ ಒಬ್ಬರಾದರೂ ಮಾಡಿದ್ದಾರೆಯೇ?

ಊರಿನವರೂ ಇಲಾಖೆಯವರೂ ಹೀಗೆ ಸಭೆ ಸೇರಿದರೆ ಇನ್ನೊಂದು ಮಾತು ಬಂದೇ ಬರುತ್ತದೆ, ಅಧಿಕಾರಿಗಳಿಗೆ ಹಿತವಾಗದ ಮಾತು. ನಮ್ಮ ಕಾಡಿನ ಬೆಂಕಿಯಲ್ಲಿ ಬಹುಪಾಲು ಮನುಷ್ಯರ ಕೈಯಿಂದಲೇ ಆದದ್ದು. ಹೊಸ ಹುಲ್ಲು ಚಿಗುರಲೆಂದು ಇಟ್ಟದ್ದು, ಅಜಾಗರೂಕತೆಯಿಂದ ಬಿದ್ದದ್ದು ಕೆಲವು. ಸಿಟ್ಟಿನಿಂದ ಇಟ್ಟದ್ದೂ ಉಂಟು. ಆನೆ ತುಳಿದ ಬೆಳೆಗೆ ಪರಿಹಾರ ಬಂದಿಲ್ಲ, ದನ ಹಿಡಿದು ದಂಡ ಹಾಕಿದರು, ಕಾಡಿನೊಳಗಿನ ದೇವರ ಜಾತ್ರೆಗೆ ಬಿಡಲಿಲ್ಲ ಎಂಬ ಸಿಟ್ಟು ಅದು. ಬೆಂಕಿ ಇಟ್ಟವರಿಗೆ ಶಿಕ್ಷೆಯಾಗಲಿ, ಅದರಲ್ಲಿ ರಿಯಾಯಿತಿ ಬೇಡ. ಆದರೆ ಬಾಕಿ ಉಳಿದ ಪರಿಹಾರದ ಅರ್ಜಿಗಳನ್ನು ಮೇಜಿನ ಮೇಲೆ ಇಡದೆ ಬರೀ ಕರಪತ್ರ ಹಂಚಿ, ಶಾಲಾ ಮಕ್ಕಳಿಂದ ಜಾಥಾ ಮಾಡಿಸಿದರೆ ಆ ಸಿಟ್ಟು ಇಳಿಯುವುದಿಲ್ಲ.

ಈ ಸಭೆಗೆ ಹೊಸ ಕಾಯಿದೆ ಬೇಕಿಲ್ಲ. ಗ್ರಾಮಸಭೆ ಇದೆ, ಅರಣ್ಯ ಹಕ್ಕು ಸಮಿತಿ ಇದೆ, ಪಂಚಾಯ್ತಿಗೆ ವಾರ್ಷಿಕ ಕ್ರಿಯಾಯೋಜನೆ ಇದೆ. ವಲಯ ಅರಣ್ಯಾಧಿಕಾರಿ, ತಾಲ್ಲೂಕಿನ ಅಗ್ನಿಶಾಮಕ ಠಾಣೆಯವರು, ಪಿಡಿಒ, ಹಾಡಿ-ಪೋಡುಗಳ ಯಜಮಾನರು, ಮೇವು ತರುವ ಹೆಂಗಸರು ಕಾರ್ತೀಕ ಮಾಸದಲ್ಲಿ, ಅಂದರೆ ಹುಲ್ಲು ಇನ್ನೂ ಹಸಿರಾಗಿರುವಾಗಲೇ, ಒಂದು ದಿನ ಕೂತರೆ ಸಾಕು. ಬರೆದ ನಕ್ಷೆಯ ಒಂದು ಪ್ರತಿ ಪಂಚಾಯ್ತಿ ಗೋಡೆಯ ಮೇಲಿರಲಿ. ಯಾವ ಬೆಂಕಿ ರೇಖೆಗೆ ಎಷ್ಟು ಹಣ, ಕೆಲಸ ಯಾರು ಮಾಡಿದರು ಎಂಬುದೂ ಅದರ ಪಕ್ಕದಲ್ಲೇ ಇರಲಿ. ರೇಖೆ ಕಡಿಯದೆ ಬಿಲ್ಲು ಬರೆಯುವವರಿಗೆ ಮಾತ್ರ ಇದರಿಂದ ತೊಂದರೆ.