ಡೆಂಗಿ: ಪ್ಲೇಟ್‌ಲೆಟ್ ಎಣಿಕೆಯಷ್ಟೇ ಸಾಲದು

ಹಿಂದೂಪುರ, ಕಲ್ಯಾಣದುರ್ಗದಂಥ ಆಂಧ್ರ-ಕರ್ನಾಟಕ ಗಡಿಭಾಗದ ಊರುಗಳಲ್ಲೂ ಡೆಂಗಿ ಬಂದರೆ ಮನೆಮಂದಿಯ ಕಣ್ಣೆಲ್ಲ ಪ್ಲೇಟ್‌ಲೆಟ್ ಎಣಿಕೆಯ ಮೇಲೆ. ಆದರೆ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ರಕ್ತನಾಳಗಳಿಂದ ಪ್ಲಾಸ್ಮಾ ಸೋರಿಕೆ. ಅದೂ ಜ್ವರ ಇಳಿಯುವ ಹೊತ್ತಿಗೆ. ಪಿತ್ತಕೋಶದ ಗೋಡೆ ದಪ್ಪವಾಗಿರುವುದನ್ನು, ಶ್ವಾಸಕೋಶದ ಸುತ್ತ ಮತ್ತು ಹೊಟ್ಟೆಯಲ್ಲಿ ನೀರು ತುಂಬಿರುವುದನ್ನು ಅಲ್ಟ್ರಾಸೌಂಡ್ ರೋಗಿಯ ಮಂಚದ ಪಕ್ಕದಲ್ಲೇ ತೋರಿಸಬಲ್ಲದು. ವಿಕಿರಣದ ಭಯವಿಲ್ಲ, ಮತ್ತೆ ಮತ್ತೆ ನೋಡಬಹುದು. ದೊಡ್ಡಾಸ್ಪತ್ರೆಗೆ ಸಾಗಿಸಬೇಕಾದವರು ಯಾರೆಂದು ನಿರ್ಧರಿಸಲು ಇದು ನೆರವಾಗುತ್ತದೆ.

2021ರಲ್ಲಿ ಕೋವಿಡ್‌ಗೆ ಬೇಕಾಬಿಟ್ಟಿ ಸಿ.ಟಿ. ಸ್ಕ್ಯಾನ್ ಮಾಡಿಸಿದ್ದನ್ನು ನೆನೆದು ಕೆಲವರು ಅಲ್ಟ್ರಾಸೌಂಡ್‌ಗೂ ಆಕ್ಷೇಪಿಸಬಹುದು. ಸೌಮ್ಯ ಲಕ್ಷಣಕ್ಕೆ ಅದು ಬೇಡವೆಂದು ಏಮ್ಸ್‌ನ ಅಂದಿನ ನಿರ್ದೇಶಕ ರಣದೀಪ್ ಗುಲೇರಿಯಾ ಆಗಲೇ ಎಚ್ಚರಿಸಿದ್ದರು. ಆ ಪಾಠ ಇಲ್ಲಿಗೂ ಸಲ್ಲುತ್ತದೆ: ಅಲ್ಟ್ರಾಸೌಂಡ್ ಎಲ್ಲರಿಗೂ ಬೇಡ, ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ ಇದ್ದವರಿಗೆ ಬೇಕು. ಅದನ್ನು ರಕ್ತದೊತ್ತಡ, ಹಿಮಟೊಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಜೊತೆಗಿಟ್ಟೇ ಓದಬೇಕು. ಗಡಿಭಾಗದ ಸರ್ಕಾರಿ ವೈದ್ಯರಿಗೆಲ್ಲ ಹೀಗೆ ಅಲ್ಟ್ರಾಸೌಂಡ್ ಬಳಸುವ ತರಬೇತಿ ಸಿಗಲೇಬೇಕು.