ಯುರೋಪಿನ ಕೆಫೆಗೂ ಒಂದು ನಗರಸಭೆ ಇದೆ

ನಮ್ಮ ಬಳಗದ ಹಲವರಿಗೆ ಈಚೆಗೆ ಹೊಸ ಬಗೆಯ ಕೆಲಸ ಬರುತ್ತಿದೆ. ಜಿಲ್ಲಾ ಸುದ್ದಿಗೆ ಜಾಗ ಇಲ್ಲ, ಆದರೆ ವೆಬ್‌ಸೈಟುಗಳ ಪ್ರವಾಸ ವಿಭಾಗಕ್ಕೆ ದಿನಾ ಕಾಪಿ ಬೇಕು. ‘ಯುರೋಪಿನ ಹತ್ತು ಗುಪ್ತ ಕೆಫೆಗಳು’, ‘ಬರ್ಲಿನ್‌ನಲ್ಲಿ ಯಾರಿಗೂ ಗೊತ್ತಿಲ್ಲದ ಐದು ನೈಟ್‌ಕ್ಲಬ್‌ಗಳು’ ಅಂತೆಲ್ಲ ಶೀರ್ಷಿಕೆ ಮೊದಲೇ ಬಂದಿರುತ್ತದೆ, ಕೆಳಗಿನದ್ದನ್ನು ನಾವು ತುಂಬಬೇಕು. ಬರೆಯುವವರು ಅಲ್ಲಿಗೆ ಹೋಗಿರಬೇಕು ಅಂತೇನಿಲ್ಲ, ಪಾಸ್‌ಪೋರ್ಟ್ ಇಲ್ಲದಿದ್ದರೂ ನಡೆಯುತ್ತದೆ. ನಾಲ್ಕು ಇಂಗ್ಲಿಷ್ ಪಟ್ಟಿ ಓದಿ ಐದನೆಯದನ್ನು ಕನ್ನಡದಲ್ಲಿ ಮಾಡಿಕೊಟ್ಟರಾಯಿತು.

ಈ ಕೆಲಸ ಬಿಡಿ ಎಂದು ಹೇಳಲು ನಾನು ಬಂದಿಲ್ಲ. ಸ್ಟ್ರಿಂಗರ್ ಸಂಪಾದನೆ ಎಷ್ಟೆಂದು ಇಲ್ಲಿ ಓದುವ ಎಲ್ಲರಿಗೂ ಗೊತ್ತು. ನನ್ನ ತಕರಾರು ಬೇರೆ. ನಗರಸಭೆಯ ಸಾಮಾನ್ಯ ಸಭೆ, ಮಳಿಗೆ ಹರಾಜು, ಬಾಡಿಗೆ ಗಲಾಟೆ, ಕಲ್ಯಾಣ ಮಂಟಪದ ಡಿಜೆ ಸದ್ದಿಗೆ ಅಕ್ಕಪಕ್ಕದವರ ದೂರು, ಇವನ್ನೇ ಬರೆದು ಕೈ ಪಳಗಿಸಿಕೊಂಡವರು ನಾವು. ಯುರೋಪಿನ ಕೆಫೆ, ಗ್ಯಾಲರಿ, ಕ್ಲಬ್ಬುಗಳ ಕತೆಯೂ ಇದೇ. ಆದರೂ ಅಲ್ಲಿನದ್ದು ಬರೆಯುವಾಗ ‘ಮನಮೋಹಕ’, ‘ಗುಪ್ತ ರತ್ನ’ ಎಂಬ ಪದಗಳನ್ನು ಹಿಡಿದುಕೊಂಡು ಕೂರುತ್ತೇವೆ.

ಬುಡಾಪೆಸ್ಟ್‌ನ ಸಿಂಪ್ಲಾ ಕೆರ್ಟ್ ತೆಗೆದುಕೊಳ್ಳಿ. ‘ರುಯಿನ್ ಬಾರ್’ ಅಂದರೆ ಪಾಳುಮನೆ ಬಾರ್ ಎಂಬ ಹೆಸರಿನಲ್ಲಿ ಅದು ಎಲ್ಲ ಪಟ್ಟಿಯಲ್ಲೂ ಇರುತ್ತದೆ. ಬಣ್ಣ ಉದುರಿದ ಗೋಡೆ, ಒಂದಕ್ಕೊಂದು ಹೊಂದದ ಕುರ್ಚಿಗಳು, ಅಂಗಳದಲ್ಲಿ ಕೂರಲು ಹಳೇ ಟ್ರಾಬಂಟ್ ಕಾರು, ಇಷ್ಟು ಬರೆದು ಪಟ್ಟಿ ಮುಂದಕ್ಕೆ ಹೋಗುತ್ತದೆ. ಅಲ್ಲಿ ಪಾಳುಮನೆಗಳು ಯಾಕಿದ್ದವು? ಅದು ಏಳನೇ ಜಿಲ್ಲೆ, ಎರ್ಜೆಬೆಟ್‌ವಾರೋಶ್, ಊರಿನ ಹಳೆಯ ಯಹೂದಿ ಬಡಾವಣೆ. 1944ರ ಕೊನೆಗೆ ಯಹೂದಿಗಳನ್ನು ಬೇಲಿ ಹಾಕಿ ಕೂಡಿಹಾಕಿದ ಗೆಟ್ಟೊ ಇದ್ದದ್ದು ಇಲ್ಲೇ. ಆಮೇಲೆ ದಶಕಗಟ್ಟಲೆ ಆ ಕಟ್ಟಡಗಳನ್ನು ಕೇಳುವವರಿರಲಿಲ್ಲ. 2002ರಲ್ಲಿ ಬೇರೆ ಕಡೆ ಶುರುವಾದ ಸಿಂಪ್ಲಾ, 2004ರಲ್ಲಿ ಕಾಜಿನ್ಸಿ ಬೀದಿಯ 14ನೇ ನಂಬರಿಗೆ ಬಂತು. ಹಿಂದೆ ಒಲೆ ತಯಾರಿಸುತ್ತಿದ್ದ, ಕೆಡವಲೆಂದು ಇಟ್ಟಿದ್ದ ಕಟ್ಟಡ ಅದು. ಅದೇ ಬೀದಿಯಲ್ಲಿ ಸಂಪ್ರದಾಯಸ್ಥ ಯಹೂದಿಗಳ ದೊಡ್ಡ ಸಿನಗಾಗ್ ಇವತ್ತಿಗೂ ಇದೆ. ಭಾನುವಾರ ಬೆಳಿಗ್ಗೆ ಬಾರಿನ ಅಂಗಳದಲ್ಲೇ ರೈತರ ಸಂತೆ ಸೇರುತ್ತದೆ. ನನ್ನನ್ನು ಕೇಳಿದರೆ ರಾತ್ರಿಗಿಂತ ಆ ಸಂತೆಯೇ ಒಳ್ಳೆಯ ಸುದ್ದಿ, ಆದರೆ ಪಟ್ಟಿಗಳಲ್ಲಿ ಅದಕ್ಕೆ ಹೆಚ್ಚೆಂದರೆ ಅರ್ಧ ಸಾಲು.

ಸಿಂಪ್ಲಾ ಗೆದ್ದ ಮೇಲೆ ಸುತ್ತಲೂ ಬಾರುಗಳು ಎದ್ದವು. ಅಗ್ಗದ ವಿಮಾನ ಹತ್ತಿ ಮದುವೆಗೆ ಮುಂಚಿನ ಪಾರ್ಟಿಗೆಂದು ಗುಂಪುಗಳು ಬಂದವು. ಮೇಲಿನ ಮಹಡಿಯಲ್ಲಿ ಮಲಗುವವರು ಬೆಳಗಿನ ಜಾವದ ತನಕ ಕಿರುಚಾಟ ಕೇಳಬೇಕಾಯಿತು. 2018ರ ಫೆಬ್ರವರಿಯಲ್ಲಿ, ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಬಾರು ಮುಚ್ಚಬೇಕೇ ಎಂದು ಆ ಜಿಲ್ಲೆಯಲ್ಲಿ ಜನಮತಗಣನೆಯೇ ನಡೆಯಿತು. ಸಾಕಷ್ಟು ಜನ ಮತ ಹಾಕದ ಕಾರಣ ಅದು ಬಿದ್ದುಹೋಯಿತು. ಪಕ್ಕದ ಆರನೇ ಜಿಲ್ಲೆ ತೆರೆಜ್‌ವಾರೋಶ್‌ನಲ್ಲಿ 2024ರಲ್ಲಿ ಮತ್ತೊಂದು ಮತದಾನವಾಗಿ, ಏರ್‌ಬಿಎನ್‌ಬಿ ಥರದ ದಿನಬಾಡಿಗೆ ಫ್ಲ್ಯಾಟುಗಳನ್ನು 2026ರ ಆರಂಭದಿಂದ ನಿಷೇಧಿಸುವ ತೀರ್ಮಾನ ಹೊರಬಿತ್ತು. ಇದು ಪ್ರವಾಸ ಪುಟದ ಸುದ್ದಿ ಅಲ್ಲ ಎಂದು ಡೆಸ್ಕ್‌ನವರು ಹೇಳಬಹುದು. ಆ ಊರಿಗೆ ಹೋಗಿ ಎಲ್ಲಿ ಉಳಿಯಬೇಕು ಎಂದು ನೋಡುತ್ತಿರುವ ಓದುಗನಿಗೆ ಇದಕ್ಕಿಂತ ದೊಡ್ಡ ಪ್ರವಾಸ ಸುದ್ದಿ ಯಾವುದು?

ಬರ್ಲಿನ್‌ನಲ್ಲೂ ಇದೇ ಜಾಡು. 1989ರಲ್ಲಿ ಗೋಡೆ ಬಿದ್ದ ಮೇಲೆ ಊರಿನ ಪೂರ್ವಭಾಗದಲ್ಲಿ ಯಾರದ್ದೆಂದು ಗೊತ್ತಿಲ್ಲದ ಖಾಲಿ ಕಟ್ಟಡಗಳು ತುಂಬ ಉಳಿದವು. ಗ್ಯಾಲರಿ, ಕ್ಲಬ್ಬು ಹುಟ್ಟಿದ್ದು ಅಲ್ಲಿ. ಕೆಡವಲು ದಿನ ಗೊತ್ತಾಗಿದ್ದ ತಾಖೆಲೆಸ್ ಕಟ್ಟಡದೊಳಗೆ 1990ರಲ್ಲಿ ಕಲಾವಿದರು ಹೊಕ್ಕು ಕೂತರು. ಇಪ್ಪತ್ತೆರಡು ವರ್ಷ ಸ್ಟುಡಿಯೋ, ಸಿನಿಮಾ, ಬಾರು ನಡೆದವು. 2012ರಲ್ಲಿ ತೆರವು ಮಾಡಿಸಿದರು. 2023ರಲ್ಲಿ ಅಲ್ಲೇ ಫೋಟೋಗ್ರಾಫಿಸ್ಕಾ ಎಂಬ ಛಾಯಾಚಿತ್ರ ಸಂಗ್ರಹಾಲಯ ತೆರೆಯಿತು, ಸುತ್ತ ದುಬಾರಿ ಫ್ಲ್ಯಾಟು, ಆಫೀಸು ಬಂದವು. ಮೆಟ್ಟಿಲ ಗೋಡೆಗಳ ಹಳೆಯ ಗ್ರಾಫಿಟಿಯನ್ನು ಜೋಪಾನವಾಗಿ ಉಳಿಸಿಕೊಂಡಿದ್ದಾರೆ. ಅದನ್ನು ಬರೆದವರು ಮಾತ್ರ ಹೊರಗೆ.

ಇನ್ನು ಹಳೇ ವಿದ್ಯುತ್ ಸ್ಥಾವರದಲ್ಲಿರುವ ಬರ್ಘೈನ್ ಕ್ಲಬ್ಬು. ಒಳಗೆ ಫೋಟೋ ತೆಗೆಯುವಂತಿಲ್ಲ, ಬಾಗಿಲಲ್ಲೇ ಫೋನಿನ ಕ್ಯಾಮೆರಾಕ್ಕೆ ಸ್ಟಿಕರ್ ಅಂಟಿಸುತ್ತಾರೆ. ಬಾಗಿಲು ಕಾಯುವವರು ಯಾರನ್ನು ಬಿಡುತ್ತಾರೆ, ಯಾರನ್ನು ವಾಪಸ್ ಕಳಿಸುತ್ತಾರೆ ಎಂಬುದೇ ಪಟ್ಟಿಗಳ ದೊಡ್ಡ ಕುತೂಹಲ. ಅಲ್ಲಿ ನಡೆದ ತೆರಿಗೆ ಜಗಳ ನನಗೆ ಅದಕ್ಕಿಂತ ಹೆಚ್ಚು ರುಚಿಸುತ್ತದೆ. ಡಿಜೆ ನುಡಿಸುವುದು ಸಂಗೀತ ಕಛೇರಿಗೆ ಸಮ ಎಂದು 2016ರಲ್ಲಿ ನ್ಯಾಯಾಲಯ ಒಪ್ಪಿತು, ಟಿಕೆಟ್ ಮೇಲಿನ ತೆರಿಗೆ ಶೇ 19ರ ಬದಲು ಶೇ 7 ಆಯಿತು. 2021ರಲ್ಲಿ ಜರ್ಮನಿಯ ಸಂಸತ್ತು, ಜೂಜಿನ ಅಡ್ಡೆ, ವೇಶ್ಯಾಗೃಹಗಳ ಸಾಲಿನಿಂದ ತೆಗೆದು ಕ್ಲಬ್ಬುಗಳನ್ನು ರಂಗಮಂದಿರಗಳಂತೆ ಸಾಂಸ್ಕೃತಿಕ ಸ್ಥಳ ಎಂದು ನೋಡಬೇಕೆಂದು ನಿರ್ಣಯ ಮಾಡಿತು. ಅಷ್ಟಾದರೂ 2002ರಿಂದ ನದಿ ದಂಡೆಯಲ್ಲಿದ್ದ ವಾಟರ್‌ಗೇಟ್ ಕ್ಲಬ್ಬು 2024ರ ಕೊನೆಗೆ ಬಾಗಿಲು ಹಾಕಿತು.

ನಕಲು ಪಟ್ಟಿಯ ಅಪಾಯ ಇಲ್ಲಿಯೇ ಇರುವುದು. ಬರ್ಲಿನ್‌ನ ಹಲವು ಮ್ಯೂಸಿಯಂಗಳಿಗೆ ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತವಿತ್ತು. ಸರ್ಕಾರದಲ್ಲಿ ದುಡ್ಡಿಲ್ಲವೆಂದು 2024ರ ಡಿಸೆಂಬರ್‌ಗೆ ಆ ಯೋಜನೆ ನಿಂತಿತು. ಎರಡು ವರ್ಷ ಹಳೆಯ ಪಟ್ಟಿ ನೋಡಿ ನಾವು ‘ಉಚಿತ’ ಎಂದು ಬರೆದರೆ, ಅದನ್ನು ನಂಬಿ ಕೌಂಟರ್ ಮುಂದೆ ನಿಲ್ಲುವವರು ಯಾರು? ಜರ್ಮನಿಯಲ್ಲಿ ಎಂಎಸ್ ಓದುತ್ತಾ ಪಾರ್ಟ್‌ಟೈಮ್ ದುಡಿಯುವ ನಮ್ಮೂರ ಹುಡುಗಿ. ಅಥವಾ ಮಗಳ ಮನೆಗೆ ಮೂರು ತಿಂಗಳಿಗೆಂದು ಹೋಗಿ, ಒಂದೊಂದು ಯೂರೋವನ್ನೂ ರೂಪಾಯಿಗೆ ಗುಣಿಸಿ ನೋಡುವ ನಿವೃತ್ತ ಮೇಷ್ಟ್ರು. ಚಿತ್ರ ಮಾರುವ ಖಾಸಗಿ ಗ್ಯಾಲರಿಗಳಿಗೆ ಸಾಮಾನ್ಯವಾಗಿ ಟಿಕೆಟ್ಟೇ ಇರುವುದಿಲ್ಲ, ಸುಮ್ಮನೆ ಬಾಗಿಲು ತಳ್ಳಿ ಒಳಗೆ ಹೋಗಬಹುದು ಎಂಬ ಒಂದು ಸಾಲು ಇವರಿಗೆ ಹತ್ತು ವಿಶೇಷಣಗಳಿಗಿಂತ ಉಪಕಾರಿ.

ಅತ್ತ ಕಡೆಯವರ ಪಾಡೂ ಇದೆ. ಬಾರ್ಸಿಲೋನಾದ ಪಾರ್ಕ್ ಗುಯೆಲ್ ಹತ್ತಿರದ ಬಡಾವಣೆಗೆ 116ನೇ ನಂಬರಿನ ಚಿಕ್ಕ ಬಸ್ಸೊಂದು ಓಡುತ್ತದೆ. ಏರುದಾರಿ, ಹತ್ತುವವರಲ್ಲಿ ವಯಸ್ಸಾದವರೇ ಬಹಳ. ಗೂಗಲ್ ಮ್ಯಾಪ್ ನೋಡಿ ಪ್ರವಾಸಿಗರು ತುಂಬಿಕೊಂಡರೆ ಇವರಿಗೆ ಜಾಗ ಎಲ್ಲಿಂದ ಬರಬೇಕು? 2024ರಲ್ಲಿ ನಗರಾಡಳಿತವೇ ಹೇಳಿ ಆ ಬಸ್ಸನ್ನು ಮ್ಯಾಪಿನಿಂದ ತೆಗೆಸಿತು. ಸಂಜೆಯ ಕೊನೇ ಬಸ್ಸಿಗೆ ಕಾದು ಗೊತ್ತಿರುವ ನಮ್ಮಂಥವರಿಗೆ ಆ ಅಜ್ಜಿಯರ ಸಿಟ್ಟು ಬಿಡಿಸಿ ಹೇಳಬೇಕಾಗಿಲ್ಲ. ‘ಸ್ಥಳೀಯರಷ್ಟೇ ಹತ್ತುವ ಬಸ್ಸು’ ಎಂದು ಹೊಗಳಿ ಬರೆಯುವ ಲೇಖನ ಆ ಬಸ್ಸಿನ ಸೀಟಿಗೇ ಕೈ ಹಾಕುತ್ತದೆ.

ಹಾಗಂತ ಬಾಯಿ ಮುಚ್ಚಿಕೊಂಡಿರಬೇಕು ಅಂತಲೂ ಅಲ್ಲ. ವಿಯೆನ್ನಾದ ಕಾಫಿಹೌಸುಗಳ ಬಗ್ಗೆ ಎಷ್ಟು ಬರೆದರೂ ಅವುಗಳಿಗೆ ಹಾನಿಯಿಲ್ಲ. ಎಲ್ಲರಿಗೂ ಗೊತ್ತಿರುವ ಜಾಗಗಳು ಅವು, 2011ರಿಂದ ಆಸ್ಟ್ರಿಯಾದ ಪರಂಪರೆ ಪಟ್ಟಿಯಲ್ಲೂ ಇವೆ. ಬರೆಯುವುದಾದರೆ ಅಲ್ಲಿನ ರೀತಿ ರಿವಾಜು ಬರೆಯೋಣ. ಒಂದು ಕಪ್ ಕಾಫಿ ತಗೊಂಡರೆ ಟ್ರೇ ಮೇಲೆ ಜೊತೆಗೊಂದು ಲೋಟ ನೀರು ಬರುತ್ತದೆ, ಎಷ್ಟು ಹೊತ್ತು ಕೂತರೂ ಯಾರೂ ಏಳಿಸುವುದಿಲ್ಲ. ಮರದ ಕೋಲಿಗೆ ಸಿಕ್ಕಿಸಿಟ್ಟ ದಿನಪತ್ರಿಕೆಗಳನ್ನು ಯಾರು ಬೇಕಾದರೂ ತೆಗೆದು ಓದಬಹುದು. (ಪತ್ರಿಕೆಗೆ ಇನ್ನೂ ಅಷ್ಟು ಮರ್ಯಾದೆ ಉಳಿದಿರುವ ಹೋಟೆಲು ನನ್ನ ತಾಲ್ಲೂಕಿನಲ್ಲಿ ಒಂದೇ ಒಂದು ಇದೆ.) ಕೆಫೆ ಸೆಂಟ್ರಲ್ ಮುಂದೆ ಸಾಲಿನಲ್ಲಿ ನಿಲ್ಲಲು ಮನಸ್ಸಿಲ್ಲದವರು ಡೊರೊಥೀರ್ ಗಲ್ಲಿಯ ಹವೆಲ್ಕಾಗೆ ಹೋಗಬಹುದು. 1939ರಲ್ಲಿ ಲಿಯೋಪೋಲ್ಡ್ ಮತ್ತು ಯೋಸೆಫೀನ್ ಹವೆಲ್ಕಾ ದಂಪತಿ ಶುರುಮಾಡಿದ್ದು. ಯಜಮಾನರು ನೂರು ವರ್ಷ ಬಾಳಿ 2011ರಲ್ಲಿ ತೀರಿಕೊಂಡರು. ಅಲ್ಲಿ ಬುಖ್ಟೆಲ್ ಎಂಬ ಬಿಸಿ ಸಿಹಿ ಬನ್ನು ಬಹಳ ಹೆಸರುವಾಸಿ. ಅದು ಒಲೆಯಿಂದ ಇಳಿಯುವುದು ಸಂಜೆ ಕಳೆದ ಮೇಲೆ, ಆದ್ದರಿಂದ ಮಧ್ಯಾಹ್ನವೇ ಹೋಗಿ ಕೂತು ಕೇಳಬೇಡಿ.