ಬಣ್ಣದ ಲೈಟ್ ಬೇಡ, ಒಳ್ಳೆ ಎಸ್‌ಎಂಪಿಎಸ್ ಕೊಡಿ

ಕಡಿಮೆ ದುಡ್ಡಿನ ಡೆಸ್ಕ್‌ಟಾಪ್ ಅಂದ್ರೆ ಎಲ್ಲಾ ಪಾರ್ಟ್‌ಗಳನ್ನೂ ಅಗ್ಗದಲ್ಲೇ ತಗೊಳ್ಳೋದು ಅನ್ನೋ ನಂಬಿಕೆ ನಮ್ಮ ಕ್ಯಾಂಪಸ್‌ನಲ್ಲಿ ಗಟ್ಟಿಯಾಗಿದೆ. ನಾವು ಒಪ್ಪಲ್ಲ. ಬೇಡದ ಪಾರ್ಟನ್ನ ಪೂರ್ತಿ ಬಿಟ್ಟುಬಿಡಬೇಕು, ಬೇಕಾದದ್ದನ್ನ ಒಳ್ಳೇದೇ ತಗೋಬೇಕು. ಉಳಿತಾಯ ಇರೋದು ಅಲ್ಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಮನೇಲಿ ಹೇಳ್ತಾರೆ. ಆದರೆ ಮೊದಲು ನಮ್ಮ ಕಾಲು ಎಷ್ಟುದ್ದ ಅಂತ ಅಳೀಬೇಕಲ್ವಾ? ಮೊದಲ ಎರಡು ವರ್ಷ ನಾವು ಮಾಡೋದೇನು? ಸಿ, ಪೈಥಾನ್, ಒಂದಿಷ್ಟು ಡೇಟಾಬೇಸ್, ಕ್ಯಾಡ್ ಡ್ರಾಯಿಂಗ್, ಇಸಿಯವರಿಗೆ ಸರ್ಕ್ಯೂಟ್ ಸಿಮ್ಯುಲೇಶನ್. ಇದ್ಯಾವುದಕ್ಕೂ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕಾಗಿಲ್ಲ. ಪಟ್ಟಿಯಿಂದ ಮೊದಲು ಹೋಗಬೇಕಾದದ್ದು ಅದೇ.

ಅದಕ್ಕೆ ಬದಲು ಗ್ರಾಫಿಕ್ಸ್ ಒಳಗೇ ಇರೋ ಪ್ರೊಸೆಸರ್ ನೋಡಿ. ಎಎಂಡಿಯ ರೈಜೆನ್ 5 5600ಜಿ ಒಂದು ಉದಾಹರಣೆ. 2021ರದ್ದು, 6 ಕೋರ್, 12 ಥ್ರೆಡ್, 65 ವ್ಯಾಟ್. ಇಂಟೆಲ್ ಕಡೆ ಐ3 12100 ಇದೆ. ಇಂಟೆಲ್‌ನಲ್ಲಿ ಒಂದು ಅಕ್ಷರದ ಮೇಲೆ ಕಣ್ಣಿಡಿ: ಹೆಸರಿನ ಕೊನೆಗೆ ‘ಎಫ್’ ಇದ್ದರೆ ಗ್ರಾಫಿಕ್ಸ್ ಇರಲ್ಲ, ಕಾರ್ಡ್ ಹಾಕದೆ ಮಾನಿಟರ್‌ನಲ್ಲಿ ಏನೂ ಬರಲ್ಲ.

ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋದರೆ ‘ಐ5 ಸಿಸ್ಟಮ್’ ಅನ್ನೋ ಮಾತು ತುಂಬಾ ಕೇಳಿಸುತ್ತೆ. ಬರೀ ಐ5 ಅಂದ್ರೆ ಏನೂ ಹೇಳಿದ ಹಾಗಾಗಲಿಲ್ಲ. ಐ5 2400 ಬಂದಿದ್ದು 2011ರಲ್ಲಿ, 4 ಕೋರ್, 4 ಥ್ರೆಡ್. 2022ರ ಐ3 12100ರಲ್ಲಿ 4 ಕೋರ್, 8 ಥ್ರೆಡ್, ಪ್ರತಿ ಕೋರ್ ಕೂಡ ಎಷ್ಟೋ ವೇಗ. ಹಳೇ ಐ5ಗೆ ವಿಂಡೋಸ್ 11ರ ಅಧಿಕೃತ ಬೆಂಬಲ ಇಲ್ಲ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್‌ನಲ್ಲಿ ನಿಂತಿತು. ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ‘ಐ3ನಾ, ಐ5ನಾ’ ಅಲ್ಲ, ‘ಯಾವ ಜನರೇಶನ್, ಪೂರ್ತಿ ನಂಬರ್ ಏನು ಅಣ್ಣಾ?’

ರ‍್ಯಾಮ್ ವಿಷಯದಲ್ಲಿ ನಮ್ಮ ಸಿಲಬಸ್ಸೇ ಉಪಯೋಗಕ್ಕೆ ಬರುತ್ತೆ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ರ‍್ಯಾಮನ್ನೇ ಹಂಚಿಕೊಳ್ಳುತ್ತೆ. ಡಿಡಿಆರ್4 3200ರ ಒಂದು ಚಾನೆಲ್ 64 ಬಿಟ್, ಅಂದರೆ 8 ಬೈಟ್. ಸೆಕೆಂಡಿಗೆ 3200 ಮಿಲಿಯನ್ ಸಲ 8 ಬೈಟ್ ಅಂದ್ರೆ 25.6 ಜಿಬಿ. ಎರಡು ಚಾನೆಲ್ ಆದರೆ 51.2. ಒಂದು 16 ಜಿಬಿ ಸ್ಟಿಕ್ ಹಾಕಿದರೆ ಅರ್ಧ ದಾರಿ ಮುಚ್ಚಿದ ಹಾಗೆ. ಎರಡು 8 ಜಿಬಿ ಹಾಕಿದರೆ ಗ್ರಾಫಿಕ್ಸ್‌ನಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಜೋರಾಗಿ ಏರಿತು. ದುಡ್ಡು ಸಾಲದಿದ್ದರೆ ಒಂದು 8 ಜಿಬಿ ಹಾಕಿ ಶುರು ಮಾಡಿ, ಪಕ್ಕದ ಸ್ಲಾಟ್ ಖಾಲಿ ಇರಲಿ. ಖಾಲಿ ಸ್ಲಾಟ್ ಅವಮಾನ ಅಲ್ಲ, ಅದು ಮುಂದಿನ ಸೆಮಿಸ್ಟರ್‌ನ ಪ್ಲಾನ್.

ಎಸ್‌ಎಸ್‌ಡಿಯಲ್ಲೂ ಹೀಗೇ. 5600ಜಿ ಇರೋ ಸಿಸ್ಟಮ್‌ನಲ್ಲಿ ದುಬಾರಿ ಜೆನ್ 4 ಎಸ್‌ಎಸ್‌ಡಿ ಹಾಕಿದರೂ ಅದು ಜೆನ್ 3 ವೇಗದಲ್ಲೇ ಓಡುತ್ತೆ, ಯಾಕಂದ್ರೆ ಆ ಪ್ರೊಸೆಸರ್ ಪಿಸಿಐಇ 3.0ವರೆಗೆ ಮಾತ್ರ. ಬಾಕ್ಸ್ ಮೇಲಿನ ದೊಡ್ಡ ನಂಬರ್‌ಗೆ ಕೊಟ್ಟ ಹೆಚ್ಚಿನ ದುಡ್ಡು ದಂಡ.

ಹೀಗೆ ಉಳಿಸಿದ್ದನ್ನ ಎಲ್ಲಿ ಹಾಕಬೇಕು? ಎಸ್‌ಎಂಪಿಎಸ್‌ಗೆ. ನಮ್ಮಲ್ಲಿ ಇದನ್ನ ಕ್ಯಾಬಿನೆಟ್ ಜೊತೆ ಬರೋ ಡಬ್ಬಿ ಅಂತಲೇ ನೋಡ್ತಾರೆ. ಕ್ಯಾಬಿನೆಟ್‌ಗೆ ಗಾಜು, ನಾಲ್ಕು ಬಣ್ಣದ ಫ್ಯಾನ್. ಒಳಗೆ ‘450 ವ್ಯಾಟ್’ ಅಂತ ಸ್ಟಿಕ್ಕರ್ ಅಂಟಿಸಿದ ಹಗುರ ಡಬ್ಬಿ. ಕರೆಂಟ್ ಏರಿಳಿತ ಆದಾಗ ಬೋರ್ಡ್, ಪ್ರೊಸೆಸರ್, ಎಸ್‌ಎಸ್‌ಡಿ ಎಲ್ಲಕ್ಕೂ ಮುಂದೆ ನಿಲ್ಲೋದು ಇದೊಂದೇ. ಇದು ಕೆಟ್ಟದಾಗಿ ಸತ್ತರೆ ಉಳಿದವನ್ನೂ ಜೊತೆಗೆ ಕರ್ಕೊಂಡು ಹೋಗಬಹುದು. ಒಳ್ಳೆ ಕಂಪನಿಯ 80 ಪ್ಲಸ್ ಯೂನಿಟ್ ತಗೊಳ್ಳಿ. ನೆನಪಿರಲಿ, 80 ಪ್ಲಸ್ ಹೇಳೋದು ಎಫಿಶಿಯೆನ್ಸಿಯನ್ನ ಮಾತ್ರ, ಆಯಸ್ಸನ್ನಲ್ಲ. ಹಾಗಾಗಿ ವಾರಂಟಿ ಎಷ್ಟು ವರ್ಷ ಅಂತಲೂ ನೋಡಿ. ಕಾರ್ಡ್ ಇಲ್ಲದ ನಮ್ಮ ಸಿಸ್ಟಮ್‌ಗೆ ನಿಜವಾದ 450 ವ್ಯಾಟ್ ಧಾರಾಳ, ನಾಳೆ ಸಣ್ಣ ಕಾರ್ಡ್ ಹಾಕಿದರೂ ಸಾಕಾಗುತ್ತೆ.

‘ಮಷೀನ್ ಲರ್ನಿಂಗ್ ಕಲೀಬೇಕಲ್ಲ, ಕಾರ್ಡ್ ಇಲ್ಲದೆ ಹೇಗೆ?’ ಅಂತ ಕೇಳೋರಿದ್ದಾರೆ. ಕಲಿಯೋಕೆ ಗೂಗಲ್ ಕೊಲ್ಯಾಬ್ ಇದೆ. ಟೈಮ್ ಲಿಮಿಟ್ ಇದ್ದರೂ ಲ್ಯಾಬ್ ಎಕ್ಸರ್‌ಸೈಜ್‌ಗೆ ನಡೆಯುತ್ತೆ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ನಿಜವಾಗಲೂ ಬೇಕಾದರೆ ಆಗ ಹಾಕೋಣ, ಸ್ಲಾಟ್ ಇದ್ದೇ ಇದೆ.

‘ಲ್ಯಾಪ್‌ಟಾಪ್ ಆದರೆ ಕ್ಲಾಸಿಗೆ ಒಯ್ಯಬಹುದು’ ಅನ್ನೋ ವಾದ ನ್ಯಾಯವಾದದ್ದೇ. ದಿನಾ ಬಸ್‌ನಲ್ಲಿ ಬಂದು ಲೈಬ್ರರಿಯಲ್ಲಿ ಕೂತು ಕೋಡ್ ಬರೆಯೋರಿಗೆ ಡೆಸ್ಕ್‌ಟಾಪ್ ತಗೊಳ್ಳಿ ಅಂತ ನಾವು ಹೇಳಲ್ಲ. ಆದರೆ ಹಾಸ್ಟೆಲ್ ಟೇಬಲ್ ಬಿಟ್ಟು ಕದಲದ, ಚಾರ್ಜರ್ ತೆಗೆದರೆ ಒಂದೆರಡು ಗಂಟೆಯೂ ಬಾಳದ ಗೇಮಿಂಗ್ ಲ್ಯಾಪ್‌ಟಾಪ್‌ಗೆ ಮನೆಯವರು ವರ್ಷಗಟ್ಟಲೆ ಇಎಂಐ ಕಟ್ಟೋದು ಯಾವ ಲೆಕ್ಕ? ಎಷ್ಟೋ ಮನೆಗಳಲ್ಲಿ ಕಾಲೇಜ್ ಫೀಸೇ ಸಾಲದಲ್ಲಿರುತ್ತೆ. ‘ಎಲ್ಲರ ಹತ್ರ ಇದೆ’ ಅಂತ ನಾವಂದ್ರೆ ಅಪ್ಪ ಅಮ್ಮ ಇಲ್ಲ ಅನ್ನಲ್ಲ, ಅದು ಇಂಜಿನಿಯರಿಂಗ್‌ಗೆ ಬೇಕೇ ಬೇಕು ಅಂದುಕೊಳ್ತಾರೆ. ಏನು ಬೇಕು, ಏನು ಬೇಡ ಅಂತ ಅವರಿಗೆ ಸರಿಯಾಗಿ ಹೇಳಬೇಕಾದವರು ನಾವೇ.

ಕೊನೆಗೆ ಬಿಲ್. ‘ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಬಿಡ್ತೀವಿ’ ಅಂತ ಯಾರಾದರೂ ಹೇಳಿದರೆ ಮರುಳಾಗಬೇಡಿ. ಶೇ. 18 ಉಳಿದ ಹಾಗೆ ಕಾಣುತ್ತೆ, ಆದರೆ ಎರಡನೇ ವರ್ಷ ಬೋರ್ಡ್ ಕೈಕೊಟ್ಟಾಗ ಕೈಯಲ್ಲಿ ಕಾಗದವೇ ಇರಲ್ಲ. ಪ್ರತಿ ಪಾರ್ಟ್‌ನ ಸೀರಿಯಲ್ ನಂಬರ್ ಬಿಲ್‌ನಲ್ಲಿ ಬರೆಸಿಕೊಳ್ಳಿ.

ಕಂಪ್ಯೂಟರ್ ಆರ್ಗನೈಸೇಶನ್ ಪರೀಕ್ಷೆಯಲ್ಲಿ ನಾವು ಬಸ್, ಮೆಮೊರಿ ಚಾನೆಲ್ ಎಲ್ಲಾ ಬರೆದು ಮಾರ್ಕ್ಸ್ ತಗೊಳ್ತೀವಿ. ಅದೇ ವಿದ್ಯೆ ಅಂಗಡಿ ಕೌಂಟರ್ ಮುಂದೆ ನಮ್ಮನೆ ದುಡ್ಡು ಉಳಿಸದಿದ್ದರೆ ಬರೀ ಮಾರ್ಕ್ಸ್ ಇಟ್ಕೊಂಡು ಏನು ಮಾಡೋದು? ಹೋಗೋ ಮುಂಚೆ ಒಂದು ಹಾಳೆ ತಗೊಂಡು, ಮಾಡೋ ಕೆಲಸ ಒಂದು ಕಡೆ, ಅದಕ್ಕೆ ಬೇಕಾದ ಪಾರ್ಟ್ ಇನ್ನೊಂದು ಕಡೆ ಬರೀರಿ. ಕೆಲಸದ ಕಡೆ ಖಾಲಿ ಇರೋ ಸಾಲನ್ನೆಲ್ಲ ಹೊಡೆದು ಹಾಕಿ. ಉಳಿದದ್ದೇ ನಿಮ್ಮ ಕಂಪ್ಯೂಟರ್.